ಪಾದವಲ್ಮೀಕದ ಇತಿವೃತ್ತ

ಅರಸರ ಯುದ್ಧಗಳನ್ನೂ ಪಟ್ಟಾಭಿಷೇಕಗಳನ್ನೂ ವಿಸ್ತರಿಸಿ ಬರೆಯುವ ಚರಿತ್ರಕಾರರು ಒಕ್ಕಲಿಗನ ಕಾಲಿಗೆ ನಟ್ಟ ಮುಳ್ಳನ್ನು ಲೆಕ್ಕಕ್ಕೆ ತರುವುದಿಲ್ಲ. ಆದರೆ ಘೋಡಗೇರಿ, ಹುಕ್ಕೇರಿ, ಗೋಕಾಕ, ಮೂಡಲಗಿಗಳಂತಹ ಬೇಸಾಯದ ಸೀಮೆಯಲ್ಲಿ ಬರಿಗಾಲಿನಿಂದ ಹೊಲ ತುಳಿಯುವವನಿಗೆ ಜಾಲಿಯ ಮುಳ್ಳು ಅಲ್ಪವಾದ ವಿಷಯವಲ್ಲ. ಮಣ್ಣಿನಲ್ಲಿ ವಾಸಿಸುವ ಕೆಲವು ಸೂಕ್ಷ್ಮಜೀವಿಗಳು ಅಂತಹ ಗಾಯದ ದಾರಿಯಿಂದ ಒಳಹೊಕ್ಕು, ಮೊದಲು ನೋವಿಲ್ಲದ ಗಂಟಾಗಿ ತೋರಿ, ಕ್ರಮೇಣ ಪಾದದಲ್ಲಿ ಅನೇಕ ರಂಧ್ರಗಳನ್ನು ತೆರೆದು, ಕಡೆಗೆ ಎಲುಬನ್ನೇ ಕೊರೆಯುವುವು. ರಂಧ್ರಗಳಿಂದ ಕೀವಿನೊಡನೆ ಬಣ್ಣಬಣ್ಣದ ಸಣ್ಣ ಕಾಳುಗಳು ಹೊರಬೀಳುವುದು ಈ ರೋಗದ ಲಕ್ಷಣ.

ನಮ್ಮ ಪ್ರಾಚೀನರು ಇಂತಹ ವಿಕಾರವನ್ನು ಕಾಣದೆ ಇರಲಿಲ್ಲ. ಸುಶ್ರುತಸಂಹಿತೆಯು ಕ್ಷುದ್ರರೋಗಗಳ ಗಣದಲ್ಲಿ 'ವಲ್ಮೀಕ'ವನ್ನು, ಎಂದರೆ ಹುತ್ತದಂತೆ ಬೆಳೆದು ಹಲವು ಬಾಯಿಗಳಿಂದ ಸ್ರವಿಸುವ ಗಂಟನ್ನು, ವರ್ಣಿಸಿದೆ. ಕೈಕಾಲುಗಳಲ್ಲಿ ಬಹುರಂಧ್ರಯುಕ್ತವಾಗಿ ಬಾತುಕೊಂಡ ವಲ್ಮೀಕವನ್ನು ವೈದ್ಯನು ಕೈಬಿಡತಕ್ಕದ್ದೆಂದೂ ಹೇಳಿದೆ. ಅಂದಿನ ಸಾಧನಗಳಿಗೆ ಅದು ಅಸಾಧ್ಯವಾಗಿದ್ದಿತು.

1842ರಲ್ಲಿ ಮಧುರೆಯ ಔಷಧಾಲಯದ ವೈದ್ಯ ಗಿಲ್ ಎಂಬವರು ಈ ವ್ಯಾಧಿಯನ್ನು ವರದಿಮಾಡಿದರು. 1846ರಲ್ಲಿ ಕೋಲ್‌ಬ್ರೂಕರು 'ಮಧುರೆಯ ಪಾದ'ವೆಂಬ ಹೆಸರನ್ನು ಬಳಕೆಗೆ ತಂದರು. ಇದರ ಸ್ವರೂಪವನ್ನು ಆಳವಾಗಿ ಶೋಧಿಸಿದವರು ಹೆನ್ರಿ ವ್ಯಾಂಡೈಕ್ ಕಾರ್ಟರರು. 1858ರಲ್ಲಿ ಪ್ರಕಟವಾದ ಗ್ರೇಯ ಪ್ರಸಿದ್ಧ ಅಂಗರಚನಾಗ್ರಂಥಕ್ಕೆ ಚಿತ್ರ ಬರೆದವರು ಇವರೇ. ಅದೇ ವರ್ಷ ಮುಂಬಯಿ ವೈದ್ಯಸೇವೆಯನ್ನು ಸೇರಿದರು. 1863ರಿಂದ 1872ರ ವರೆಗೆ ಸಾತಾರೆಯಲ್ಲಿ ಸಿವಿಲ್ ಸರ್ಜನರಾಗಿದ್ದರು. ಸಾತಾರೆಯಂತೆ ನಮ್ಮ ಬೆಳಗಾವಿ ಜಿಲ್ಲೆಯೂ ಆಗ ಮುಂಬಯಿ ಇಲಾಖೆಗೆ ಸೇರಿದ್ದಿತು. ರೋಗಗ್ರಸ್ತವಾದ ಪಾದಗಳನ್ನು ಸೀಳಿ, ಎಲುಬಿನ ಟೊಳ್ಳುಗಳನ್ನೂ ಕಾಳುಗಳ ವರ್ಣವನ್ನೂ ಸೂಕ್ಷ್ಮದರ್ಶಕದಲ್ಲಿ ಕಂಡ ತಂತುಗಳನ್ನೂ ಅವರು ಚಿತ್ರಸಮೇತ ದಾಖಲಿಸಿ, 1874ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. ರೋಗಕ್ಕೆ 'ಮೈಸಿಟೋಮ' ಎಂಬ ಹೆಸರೂ ಅವರಿತ್ತುದೇ. ಕರಿಯ ಕಾಳಿನದು ಒಂದು ಬಗೆ, ಬಿಳುಪಾದ ಕಾಳಿನದು ಇನ್ನೊಂದು ಎಂದು ವಿಂಗಡಿಸಿದರೂ, ಎರಡನ್ನೂ ಶಿಲೀಂಧ್ರಜನ್ಯವೆಂದೇ ಎಣಿಸಿದರು.

ಈ ಎಣಿಕೆಯು ನಿಲ್ಲಲಿಲ್ಲ. 1894ರಲ್ಲಿ ವಿನ್ಸೆಂಟರು ಆಲ್ಜೀರಿಯಾದಲ್ಲಿ ಬಿಳಿಯ ಕಾಳಿನ ಜೀವಿಯೊಂದನ್ನು ಬೇರ್ಪಡಿಸಿದರು. ಅದು ಶಿಲೀಂಧ್ರವಲ್ಲ, ತಂತುರೂಪದ ಬ್ಯಾಕ್ಟೀರಿಯಾ. 1913ರಲ್ಲಿ ಪಿನಾಯ್ ಎಂಬವರು ರೋಗವನ್ನು ಸ್ಪಷ್ಟವಾಗಿ ಇಬ್ಭಾಗಿಸಿದರು. ಕಾರ್ಟರರ ಊಹೆ ಬಿದ್ದುಹೋಯಿತು. ಅವರ ನಿರೂಪಣೆಯು ಉಳಿಯಿತು. ಕಂಡುದನ್ನು ಕಂಡಂತೆ ಬರೆದಿಟ್ಟುದರಿಂದಲೇ ಮುಂದಿನವರಿಗೆ ತಿದ್ದಲು ಆಧಾರವಾಯಿತು.

ಈ ಭೇದವು ಪಂಡಿತರ ವಾಗ್ವಾದಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಒಬ್ಬನ ಕಾಲು ಉಳಿಯುವುದೂ ಹೋಗುವುದೂ ಇದರ ಮೇಲೆ ನಿಂತಿದೆ. ಶಿಲೀಂಧ್ರಜನ್ಯವಾದುದಕ್ಕೆ ದೀರ್ಘಕಾಲದ ಔಷಧದೊಡನೆ ಶಸ್ತ್ರವೂ, ಕೆಲವೊಮ್ಮೆ ಅಂಗಚ್ಛೇದವೂ ಬೇಕಾಗುವುದು. ಬ್ಯಾಕ್ಟೀರಿಯಾಜನ್ಯವಾದುದು ಬಹುಮಟ್ಟಿಗೆ ಔಷಧಸಾಧ್ಯ. ಮೊದಲು ಸಲ್ಫಾ ಔಷಧಗಳು ಬಂದವು. 1987ರಲ್ಲಿ ಮೆಕ್ಸಿಕೋ ದೇಶದ ವೆಲ್ಷರು ಅಮಿಕಾಸಿನ್ ಮತ್ತು ಕೋಟ್ರೈಮೋಕ್ಸಜೋಲ್‌ಗಳ ಸಂಯೋಗದ ಗುಣವನ್ನು ಪ್ರಕಟಿಸಿದರು. ಕರಿಯ ಕಾಳು ಶಿಲೀಂಧ್ರದ್ದು, ಕೆಂಪು ಕಾಳು ಬ್ಯಾಕ್ಟೀರಿಯಾದ್ದು. ಬಿಳಿಯದು ಎರಡರಲ್ಲಿ ಯಾವುದೂ ಆಗಬಹುದಾದುದರಿಂದ ಸೂಕ್ಷ್ಮದರ್ಶಕದ ಪರೀಕ್ಷೆ ಅಗತ್ಯ. ಎಲುಬಿನ ಹಾನಿಯನ್ನು ಕ್ಷಕಿರಣವು ತೋರಿಸುವುದು.

ವಿಶ್ವ ಆರೋಗ್ಯ ಸಂಸ್ಥೆಯು ಈ ರೋಗವನ್ನು ಉಪೇಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿದುದು 2016ರಲ್ಲಿ. ಉಪೇಕ್ಷೆಗೆ ಬಡತನ ಒಂದು ಕಾರಣ, ನೋವಿಲ್ಲದಿರುವುದು ಇನ್ನೊಂದು. ದುಡಿಯುವವನು ನೋಯದ ಗಂಟಿಗಾಗಿ ಒಂದು ದಿನದ ಕೂಲಿಯನ್ನು ಬಿಡಲೊಲ್ಲನು. ಹೊಲಕ್ಕೆ ಹೋಗುವವರ ಕಾಲಿಗೆ ಕೆರವಿರಲಿ. ಮಾಯದ ಗಂಟು ಕಂಡರೆ, ಅದು ಎಲುಬನ್ನು ಮುಟ್ಟುವ ಮೊದಲೇ ವೈದ್ಯರಿಗೆ ತೋರಿಸುವಂತೆ ಅಕ್ಷರಬಲ್ಲ ಮನೆಯವರು ಹೇಳಲಿ.