ಒಂದು ಮೂಲ, ನೂರು ಬಿಂಬ

ಬಹುಮಹಡಿ ಕಟ್ಟಡದ ಕಂಬ, ತೊಲೆ, ಕಬ್ಬಿಣದ ಸರಳುಗಳನ್ನೆಲ್ಲ ಇಂದು ಗಣಕದಲ್ಲಿ ಮೂರು ಆಯಾಮದ ಮಾದರಿಯಾಗಿ ರೂಪಿಸುತ್ತಾರೆ. ಪ್ರತಿಯೊಂದನ್ನೂ ಬಿಡಿಬಿಡಿಯಾಗಿ ಚಿತ್ರಿಸುತ್ತ ಹೋದರೆ ಕಡತ ಊದಿಕೊಳ್ಳುತ್ತದೆ. ತೆರೆಯುವುದಕ್ಕೇ ಹೊತ್ತು ಹಿಡಿಯುತ್ತದೆ. ದೊಡ್ಡ ಡಿಸ್ಕ್ ಕೊಂಡರೆ ಸಾಕೆಂದು ನಿಮಗನಿಸಬಹುದು. ನಿಜವಾದ ಪರಿಹಾರ 1963ರಷ್ಟು ಹಳೆಯದು.

ಆ ವರ್ಷ ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್‌ಲ್ಯಾಂಡ್ ‘ಸ್ಕೆಚ್‌ಪ್ಯಾಡ್’ ಎಂಬ ಚಿತ್ರರಚನೆಯ ತಂತ್ರಾಂಶವನ್ನು ತಮ್ಮ ಸಂಶೋಧನ ಪ್ರಬಂಧದಲ್ಲಿ ವಿವರಿಸಿದರು. ಅದನ್ನು ನಡೆಸುತ್ತಿದ್ದ ಟಿಎಕ್ಸ್-2 ಗಣಕದ ಸ್ಮೃತಿ ಇಂದಿನ ಲೆಕ್ಕದಲ್ಲಿ ಸುಮಾರು 300 ಕಿಲೋಬೈಟ್ ಮಾತ್ರ. ಸದರ್‌ಲ್ಯಾಂಡ್ ಮೂಲಚಿತ್ರವನ್ನು ಒಮ್ಮೆ ಬರೆದು, ಉಳಿದೆಡೆ ಅದರ ಸ್ಥಾನ, ಗಾತ್ರ, ತಿರುವುಗಳನ್ನಷ್ಟೇ ದಾಖಲಿಸಿದರು. ಹೀಗೆ 900 ಷಟ್ಕೋನಗಳ ಜಾಲ ಸುಮಾರು ಅರ್ಧ ಗಂಟೆಯಲ್ಲಿ ಸಿದ್ಧವಾಯಿತು. ಮೂಲವನ್ನು ತಿದ್ದಿದರೆ ಬಿಂಬಗಳೆಲ್ಲ ತಾವೇ ಬದಲಾಗುತ್ತಿದ್ದವು.

1990ರಲ್ಲಿ ಆಟೋಕ್ಯಾಡ್‌ನ 11ನೆಯ ಆವೃತ್ತಿ ಇಡೀ ಕಡತಗಳನ್ನೇ ಹೀಗೆ ಬಳಸಲು ಅನುವು ಮಾಡಿತು. ವಾಸ್ತುಶಿಲ್ಪಿಯ ನಕ್ಷೆಯನ್ನು ನಕಲು ಮಾಡದೆ, ಎಂಜಿನಿಯರು ಅದಕ್ಕೆ ಕೊಂಡಿ ಹಾಕಿದರೆ ಸಾಕಾಯಿತು. ಇಂದಿನ ರೆವಿಟ್‌ನಲ್ಲೂ ದೊಡ್ಡ ಕಟ್ಟಡವನ್ನು ಹಲವು ಮಾದರಿಗಳಾಗಿ ಒಡೆದು ಕೊಂಡಿಯಿಂದ ಜೋಡಿಸಬಹುದು.

ಇದು ಬರಿಯ ಜಾಗದ ಉಳಿತಾಯವಲ್ಲ. ನಲವತ್ತು ಕಂಬಗಳು ನಲವತ್ತು ಬಿಡಿ ನಕಲುಗಳಾಗಿದ್ದರೆ, ಸರಳಿನ ವ್ಯಾಸ ತಿದ್ದುವಾಗ ಒಂದೆರಡು ತಪ್ಪಿಹೋಗಬಹುದು. ಕಾಂಕ್ರೀಟ್ ಸುರಿದ ಮೇಲೆ ಆ ತಪ್ಪು ಯಾರ ಕಣ್ಣಿಗೂ ಬೀಳದು. ನಿಮ್ಮ ಕಡತ ಭಾರವಾದರೆ ಮೊದಲು ನೋಡಿ: ಒಂದೇ ವಸ್ತುವನ್ನು ಎಷ್ಟು ಸಲ ಬರೆದಿದ್ದೀರಿ?