ಗಡಿಯಾರ ಯಾರ ಕಡೆ?

ಕನ್ನಡದ ‘ಗಳಿಗೆ’ ಎಂಬ ಮಾತಿನೊಳಗೆ ಒಂದು ಪುಟ್ಟ ಬಟ್ಟಲಿದೆ. ಸಂಸ್ಕೃತದ ಘಟಿಕಾ ಎಂದರೆ ಸಣ್ಣ ಮಡಕೆ. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಅದು ತುಂಬಿ ಮುಳುಗಲು 24 ನಿಮಿಷ ಬೇಕಾಗುತ್ತಿತ್ತು. ಅದೇ ಒಂದು ಗಳಿಗೆ. ಅಂಥ 60 ಗಳಿಗೆ ಸೇರಿದರೆ ಒಂದು ಹಗಲು, ಒಂದು ರಾತ್ರಿ. ಇದೇ ಮಾತು ಉರ್ದುವಿನಲ್ಲಿ ‘ಘಡಿ’ಯಾಯಿತು. ಅಲ್ಲಿ ಘಡಿ ಎಂದರೆ ಕ್ಷಣವೂ ಹೌದು, ಕೈಗೆ ಕಟ್ಟುವ ವಾಚೂ ಹೌದು. ಹೊರಟುನಿಂತ ನೆಂಟರಿಗೆ ನಮ್ಮ ಮನೆಗಳ ಹಿರಿಯ ಹೆಂಗಸರು ‘ಘಡಿ ಭರ್ ಬೈಠೋ’ ಎನ್ನುತ್ತಾರೆ. ಪಕ್ಕದ ಮನೆಯ ಅಜ್ಜಿ ‘ಒಂದು ಗಳಿಗೆ ಕೂತು ಹೋಗಿ’ ಎನ್ನುತ್ತಾರೆ. ಇಬ್ಬರೂ ಹೇಳುವುದು ಅದೇ ಬಟ್ಟಲಿನ ಹೆಸರು. ಇಬ್ಬರೂ ನಿಮಿಷ ಎಣಿಸುವವರಲ್ಲ.

ಈ ಬಟ್ಟಲು ಒಬ್ಬರ ಸೊತ್ತಾಗಿರಲಿಲ್ಲ. ಬಾಬರ್ ತನ್ನ ಆತ್ಮಕಥೆ ‘ಬಾಬರ್‌ನಾಮಾ’ದಲ್ಲಿ ಹಿಂದೂಸ್ತಾನದ ದೊಡ್ಡ ಊರುಗಳಲ್ಲಿದ್ದ ‘ಘಡಿಯಾಲಿ’ಗಳ ಬಗ್ಗೆ ಬರೆದಿದ್ದಾನೆ. ಬಟ್ಟಲು ಮುಳುಗಿದಾಗಲೆಲ್ಲ ತೂಗುಹಾಕಿದ ಹಿತ್ತಾಳೆಯ ತಟ್ಟೆಗೆ ಬಡಿದು ಊರಿಗೆ ಹೊತ್ತು ತಿಳಿಸುವುದು ಅವರ ಕೆಲಸ. ಗಳಿಗೆಯ ಲೆಕ್ಕವನ್ನು ಬಡಿಯುತ್ತಿದ್ದರು. ಆದರೆ ಎಷ್ಟನೆಯ ಜಾವ ಎಂಬುದನ್ನು ಜಾವ ಮುಗಿದಾಗ ಮಾತ್ರ ತಿಳಿಸುತ್ತಿದ್ದರು. ನಡುರಾತ್ರಿ ಎಚ್ಚರವಾದವನಿಗೆ ಅದು ಎರಡನೆಯ ಜಾವವೋ ಮೂರನೆಯದೋ ಗೊತ್ತಾಗುತ್ತಿರಲಿಲ್ಲ. ಗಳಿಗೆಯ ಬಡಿತದ ನಂತರ ಸ್ವಲ್ಪ ತಡೆದು ಜಾವದ ಸಂಖ್ಯೆಯನ್ನೂ ಬಡಿಯಬೇಕೆಂದು ಬಾಬರ್ ಅಪ್ಪಣೆ ಮಾಡಿದ. ನಿದ್ದೆಯಿಂದ ಎದ್ದ ಯಾರೋ ಒಬ್ಬನಿಗೆ ಹೊತ್ತು ತಿಳಿಯಲಿ ಎಂದು ಬಾದಶಹ ಮಾಡಿದ ಸುಧಾರಣೆ ಇದು.

ಮಸೀದಿಗಳಲ್ಲೂ ಹೀಗೆಯೇ. ಅರಬ್ ನಾಡುಗಳ ದೊಡ್ಡ ಮಸೀದಿಗಳಲ್ಲಿ ‘ಮುವಕ್ಕಿತ್’ ಎಂಬ ಹುದ್ದೆಯಿತ್ತು. ಸೂರ್ಯ, ನಕ್ಷತ್ರಗಳ ಗಣಿತದಿಂದ ನಮಾಜಿನ ವೇಳೆ ಹೇಳುವ ವಿದ್ವಾಂಸ ಆತ. 14ನೇ ಶತಮಾನದಲ್ಲಿ ದಮಾಸ್ಕಸ್ಸಿನ ಉಮಯ್ಯಾ ಮಸೀದಿಯಲ್ಲಿ ಈ ಹುದ್ದೆಯಲ್ಲಿದ್ದ ಇಬ್ನ್ ಅಲ್-ಶಾತಿರ್ ತನ್ನ ಕಾಲದ ದೊಡ್ಡ ಖಗೋಳ ವಿಜ್ಞಾನಿ; ಮಸೀದಿಯ ಮಿನಾರಿಗೆ ನೆರಳು ಗಡಿಯಾರ ಮಾಡಿಕೊಟ್ಟವನು. ಗಣಿತ ಒಬ್ಬನದು, ಅದರ ಫಲವಾದ ಅಜಾನ್ ಕಿವಿಯಿರುವವರೆಲ್ಲರದು. ಹೊಲದಲ್ಲಿದ್ದವನು ಅದನ್ನು ಕೇಳಿ ಎತ್ತು ಬಿಚ್ಚಿದರೆ ಯಾರೂ ಬೇಡ ಎನ್ನುವವರಿರಲಿಲ್ಲ.

ಕಾಲ ಒಬ್ಬನ ಜೇಬಿಗೆ ಇಳಿದದ್ದು ಯುರೋಪಿನಲ್ಲಿ. 16ನೇ ಶತಮಾನದ ಆರಂಭದಲ್ಲಿ ಜರ್ಮನಿಯ ನ್ಯೂರೆಂಬರ್ಗಿನ ಪೀಟರ್ ಹೆನ್ಲೈನನಂಥ ಕುಶಲಕರ್ಮಿಗಳು ಹೊತ್ತು ತಿರುಗಬಹುದಾದ ಸಣ್ಣ ಗಡಿಯಾರ ಮಾಡಿದರು. 1675ರಲ್ಲಿ ಡಚ್ ವಿಜ್ಞಾನಿ ಹೈಗನ್ಸ್ ಸುರುಳಿ ಸ್ಪ್ರಿಂಗಿನಿಂದ ಅದನ್ನು ನಂಬಿಕೆಗೆ ಯೋಗ್ಯವಾಗುವಂತೆ ಮಾಡಿದ. ಆಮೇಲೆಯೇ ನಿಮಿಷದ ಮುಳ್ಳು ಸಾಮಾನ್ಯವಾಯಿತು. ಅಲ್ಲಿಯವರೆಗೆ ಗಂಟೆಯ ಮುಳ್ಳೊಂದೇ ಸಾಕಾಗಿತ್ತು.

ಈ ಗಡಿಯಾರಗಳಿಗೆ ಉಸ್ಮಾನಿ ತುರ್ಕರು ದೊಡ್ಡ ಗಿರಾಕಿಗಳು. ಲಂಡನ್ನಿನ ಗಡಿಯಾರ ತಯಾರಕರು ಅವರಿಗಾಗಿ ಅಲ್ಲಿನ ಅಂಕಿಗಳನ್ನು ಬರೆದ ವಾಚುಗಳನ್ನೇ ಮಾಡಿ ಕಳುಹಿಸುತ್ತಿದ್ದರು. ಆದರೆ ತುರ್ಕರು ಆ ವಾಚನ್ನು ತಮ್ಮ ರೀತಿಯಲ್ಲಿ ಬಳಸಿದರು. ಅವರ ಲೆಕ್ಕದಲ್ಲಿ ಸೂರ್ಯ ಮುಳುಗಿದಾಗ ಹನ್ನೆರಡು ಗಂಟೆ. ಅಲ್ಲಿಂದ ಹೊಸ ದಿನದ ಎಣಿಕೆ. ಸೂರ್ಯ ದಿನವೂ ಒಂದೇ ಹೊತ್ತಿಗೆ ಮುಳುಗುವುದಿಲ್ಲವಾದ್ದರಿಂದ ವಾಚನ್ನು ಮತ್ತೆ ಮತ್ತೆ ಮಗ್ರಿಬ್ ವೇಳೆಗೆ ಸರಿಹೊಂದಿಸಿಕೊಳ್ಳಬೇಕಿತ್ತು. 1926ರಲ್ಲಿ ತುರ್ಕಿ ಗಣರಾಜ್ಯ ಯುರೋಪಿನ ಕಾಲಮಾನವನ್ನು ಜಾರಿಗೆ ತರುವವರೆಗೂ ಈ ಪದ್ಧತಿ ಉಳಿದಿತ್ತು. ಯಂತ್ರ ಹೊರಗಿನದು, ಅಭ್ಯಾಸ ತಮ್ಮದು. ಯಂತ್ರವೇ ಅಭ್ಯಾಸಕ್ಕೆ ಬಾಗಿತ್ತು.

ನಮ್ಮ ನೆಲದಲ್ಲಿ ಈ ಯಂತ್ರವನ್ನು ಕೊಂಡು ಸುಮ್ಮನಾಗದೆ ಅದರ ವಿದ್ಯೆಯನ್ನೇ ತರಿಸಿಕೊಳ್ಳಲು ಹೊರಟವನು ಟಿಪ್ಪು ಸುಲ್ತಾನ್. 1785ರಲ್ಲಿ ಶ್ರೀರಂಗಪಟ್ಟಣದಿಂದ ಇಸ್ತಾಂಬುಲಿಗೆ ಹೊರಟ ಅವನ ರಾಯಭಾರಿಗಳು ಕರೆತರಬೇಕಿದ್ದ ಕುಶಲಕರ್ಮಿಗಳಲ್ಲಿ ಬಂದೂಕು, ಗಾಜು, ಪಿಂಗಾಣಿ ಮಾಡುವವರ ಜೊತೆ ಗಡಿಯಾರ ಮಾಡುವವರೂ ಇದ್ದರು. 1788ರಲ್ಲಿ ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯನ್ನು ಕಂಡ ರಾಯಭಾರಿಗಳ ಕೋರಿಕೆಯಲ್ಲೂ ಗಡಿಯಾರದ ಕೆಲಸಗಾರರಿದ್ದರು. 1799ರಲ್ಲಿ ಆ ಕನಸು ಅವನೊಂದಿಗೇ ಮಣ್ಣಾಯಿತು.

ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ಗಡಿಯಾರಕ್ಕೆ ಹೊಸ ಯಜಮಾನ ಸಿಕ್ಕಿದ್ದ. ಅವನೇ ಗಿರಣಿಯ ಮಾಲೀಕ. ಇತಿಹಾಸಕಾರ ಇ.ಪಿ. ಥಾಂಪ್ಸನ್ 1967ರಲ್ಲಿ ಪ್ರಕಟಿಸಿದ ಹೆಸರಾಂತ ಲೇಖನವೊಂದರಲ್ಲಿ ಆ ಕಾಲದ ಕಾರ್ಮಿಕರ ಸಾಕ್ಷ್ಯಗಳಿವೆ. ಕೆಲವು ಗಿರಣಿಗಳಲ್ಲಿ ಬೆಳಿಗ್ಗೆ ಗಡಿಯಾರವನ್ನು ಮುಂದಕ್ಕೆ ತಿರುಗಿಸುತ್ತಿದ್ದರು, ಸಂಜೆ ಹಿಂದಕ್ಕೆ ತಿರುಗಿಸುತ್ತಿದ್ದರು. ಎರಡೂ ಕಡೆ ಕಾರ್ಮಿಕನ ಹೊತ್ತಿಗೇ ಕತ್ತರಿ. ಒಂದು ಗಿರಣಿಯಲ್ಲಿ ಒಬ್ಬ ಕೆಲಸಗಾರನ ಬಳಿ ಸ್ವಂತ ವಾಚಿತ್ತು. ಅದನ್ನು ಅವನಿಂದ ಕಿತ್ತು ಮಾಲೀಕನ ವಶಕ್ಕೆ ಕೊಟ್ಟರು. ಅವನು ಮಾಡಿದ ತಪ್ಪೇನೆಂದರೆ ಜೊತೆಯವರಿಗೆ ಗಂಟೆ ಎಷ್ಟೆಂದು ಹೇಳಿದ್ದು.

ಗಡಿಯಾರದ ಇತಿಹಾಸದಲ್ಲಿ ನಮಗೆ ಬಹಳ ದೊಡ್ಡದಾಗಿ ಕಾಣುವುದು ಈ ಹೆಸರಿಲ್ಲದ ಮನುಷ್ಯ. ವಾಚು ಸೋಮಾರಿಯನ್ನು ಶಿಸ್ತಿಗೆ ತಂದಿತು ಎಂದು ಶಾಲೆಯ ಪಾಠಗಳು ಹೇಳುತ್ತವೆ. ಅದು ಅರ್ಧ ಸತ್ಯ. ದುಡಿಯುವವನ ಜೇಬಿಗೆ ಬಂದ ವಾಚು ಯಜಮಾನನ ಲೆಕ್ಕವನ್ನು ತಾಳೆ ನೋಡುವ ಸಾಧನವೂ ಆಗಿತ್ತು. ಯಜಮಾನ ಹೆದರಿದ್ದು ಅದಕ್ಕೇ.

ಇಂಥದೇ ತಕರಾರು ನಮ್ಮ ದೇಶದಲ್ಲೂ ಎದ್ದಿತ್ತು. 19ನೇ ಶತಮಾನದಲ್ಲಿ ಮದರಾಸು, ಮುಂಬಯಿ, ಕಲ್ಕತ್ತೆಗಳಿಗೆ ಬೇರೆ ಬೇರೆ ಕಾಲಮಾನಗಳಿದ್ದವು. ರೈಲುಗಳು ಮದರಾಸಿನ ಗಡಿಯಾರವನ್ನು ಅನುಸರಿಸಿದವು. 1906ರ ಜನವರಿ 1ರಂದು ಸರ್ಕಾರ ಇಡೀ ದೇಶಕ್ಕೆ ಒಂದೇ ಕಾಲಮಾನ ತಂದಾಗ ಮುಂಬಯಿಯ ಗಡಿಯಾರಗಳು 39 ನಿಮಿಷ ಮುಂದೆ ಹೋಗಬೇಕಾಯಿತು. ಅಲ್ಲಿನ ಹತ್ತಿಗಿರಣಿಯ ಸಾವಿರಾರು ಕಾರ್ಮಿಕರು ಪ್ರತಿಭಟಿಸಿದರು. ಕತ್ತಲಿರುವಾಗಲೇ ಎದ್ದು ಗಿರಣಿಗೆ ಓಡುವವನಿಗೆ 39 ನಿಮಿಷ ಸಣ್ಣ ಸಂಗತಿಯಲ್ಲ. ನಗರದಲ್ಲಿ ಹಳೆಯ ‘ಮುಂಬಯಿ ಟೈಮ್’ ಹಲವು ದಶಕ ಬಳಕೆಯಲ್ಲಿ ಉಳಿಯಿತು. ಸೂರ್ಯನಂತೂ ಸರ್ಕಾರದ ಆಜ್ಞೆಯನ್ನು ಇಂದಿಗೂ ಪಾಲಿಸುತ್ತಿಲ್ಲ. ಮಂಗಳೂರು ಮತ್ತು ಕೋಲ್ಕತ್ತದ ವಾಚುಗಳು ಒಂದೇ ಗಂಟೆ ತೋರಿಸಿದರೂ ಸೂರ್ಯ ನೆತ್ತಿಗೆ ಬರುವುದರಲ್ಲಿ ಸುಮಾರು 54 ನಿಮಿಷಗಳ ಅಂತರವಿದೆ. ಅದಕ್ಕೇ ರಮಜಾನಿನ ವೇಳಾಪಟ್ಟಿಯನ್ನು ಊರೂರಿಗೆ ಬೇರೆಯಾಗಿ ಅಚ್ಚು ಹಾಕುತ್ತೇವೆ.

ವಾಚು ಜೇಬಿನಿಂದ ಮಣಿಕಟ್ಟಿಗೆ ಬಂದದ್ದು ಯುದ್ಧದ ದೆಸೆಯಿಂದ. 19ನೇ ಶತಮಾನದ ಯುರೋಪಿನಲ್ಲಿ ಕೈಗಡಿಯಾರ ಹೆಂಗಸರ ಒಡವೆ. ಗಂಡಸರು ಕಟ್ಟಲು ನಾಚುತ್ತಿದ್ದರು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಜೇಬಿಗೆ ಕೈ ಹಾಕಿ ಗಂಟೆ ನೋಡಲು ಪುರುಸೊತ್ತಿರಲಿಲ್ಲ. ಯುದ್ಧ ಮುಗಿದಾಗ ಬಳೆಯಂಥ ಆ ವಸ್ತು ಗಂಡಸಿನ ಗುರುತಾಗಿ ಮಾರ್ಪಟ್ಟಿತ್ತು.

ನಮ್ಮ ಸಾಮಾನ್ಯರ ಕೈಗೆ ಅದನ್ನು ಕಟ್ಟಿದ್ದು ಬೆಂಗಳೂರು. 1953ರಲ್ಲಿ ಜಾಲಹಳ್ಳಿಯಲ್ಲಿ ಹುಟ್ಟಿದ ಎಚ್‌ಎಂಟಿ ಮೊದಲು ಮಾಡಿದ್ದು ಯಂತ್ರ ತಯಾರಿಸುವ ಯಂತ್ರಗಳನ್ನು. 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಕಾರದಿಂದ ವಾಚಿನ ಕಾರ್ಖಾನೆ ಬಂತು. ತಲೆಗೆ ಭೂತಗನ್ನಡಿ ಬಾಗಿಸಿ ಸಾಸಿವೆಯಂಥ ಬಿಡಿಭಾಗಗಳನ್ನು ಜೋಡಿಸುವ ಕೆಲಸದಲ್ಲಿ ಹೆಣ್ಣುಮಕ್ಕಳೂ ದುಡಿದರು. ಅಲ್ಲಿಂದ ಬಂದ ಒಂದು ವಾಚಿನ ಹೆಸರೇ ‘ಜನತಾ’. ಅಂಧರು ಬೆರಳಿನಿಂದ ಮುಟ್ಟಿ ಓದುವ ಬ್ರೈಲ್ ವಾಚನ್ನೂ ಎಚ್‌ಎಂಟಿ ಮಾಡಿತು.

ಈ ವಾಚು ನಮ್ಮ ದಿನಚರಿಗೆ ಹೊಸ ಅಭ್ಯಾಸಗಳನ್ನು ತಂದಿತು. ಬೆಳಿಗ್ಗೆ ಮುಖ ತೊಳೆದ ಮೇಲೆ ವಾಚಿಗೆ ಕೀ ಕೊಡುವುದು. ಆಕಾಶವಾಣಿಯ ವಾರ್ತೆಗೆ ಮುಂಚಿನ ‘ಪೀಪ್ ಪೀಪ್’ ಸದ್ದಿಗೆ ಮುಳ್ಳು ಸರಿಮಾಡಿಕೊಳ್ಳುವುದು. ವುಜೂ ಮಾಡುವಾಗ ಬಿಚ್ಚಿ ಜೇಬಿಗೆ ಹಾಕಿಕೊಳ್ಳುವುದು. ಪೇಟೆಯ ಮೂಲೆಯಲ್ಲಿ ಗಾಜಿನ ಪೆಟ್ಟಿಗೆಯ ಹಿಂದೆ ಒಂದು ಕಣ್ಣಿಗೆ ಮಸೂರ ಸಿಕ್ಕಿಸಿ ಕೂತ ವಾಚು ರಿಪೇರಿಯವರು ನಮ್ಮ ಪಟ್ಟಣಗಳ ಗೌರವಸ್ಥರು. ಮೊಹಲ್ಲಾದ ಎಷ್ಟೋ ಹುಡುಗರು ಅವರ ಪಕ್ಕದ ಸ್ಟೂಲಿನ ಮೇಲೆ ಕೂತು ಕೆಲಸ ಕಲಿತರು.

ವಾಚು ತಂದದ್ದೆಲ್ಲ ಒಳ್ಳೆಯದೇ ಎನ್ನುವಂತಿಲ್ಲ. ಬೆಂಗಳೂರಿಗೆ ವಾಚಿನ ಕಾರ್ಖಾನೆ ಬಂದ 1961ರಲ್ಲೇ ವರದಕ್ಷಿಣೆ ನಿಷೇಧ ಕಾಯ್ದೆಯೂ ಜಾರಿಗೆ ಬಂತು. ಮುಂದಿನ ದಶಕಗಳಲ್ಲಿ ಮದುವೆ ಮಾತುಕತೆಯ ಪಟ್ಟಿಯಲ್ಲಿ ವಾಚು, ಸೈಕಲ್, ರೇಡಿಯೋ ಜೊತೆಜೊತೆಯಾಗಿ ಕಾಣಿಸಿಕೊಂಡವು. ಮಹರ್ ಕೊಡಬೇಕಾದ ವರ ಮಾವನ ಮುಂದೆ ಕೈ ಚಾಚಿ ವಾಚು ಕಟ್ಟಿಸಿಕೊಂಡ. ಅದಕ್ಕೆ ಸಾಲ ಮಾಡಿದ ಮನೆಯ ಮಗಳು ಮಾತ್ರ ನಲ್ಲಿ ನೀರು ಬರುವ ಹೊತ್ತು, ಶಾಲೆಯ ಗಂಟೆ, ಅಜಾನಿನ ಕರೆಗಳಿಂದಲೇ ದಿನವನ್ನು ಅಳೆದಳು.

ಇಷ್ಟಿದ್ದರೂ ಆ ಕಾಲದ ವಾಚಿಗೆ ಒಂದು ಗುಣವಿತ್ತು. ಅದು ಕಟ್ಟಿದವನೊಬ್ಬನದೇ ಆಗಿರಲಿಲ್ಲ. ಬಸ್ಸಿನಲ್ಲಿ, ಸಂತೆಯಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ, ವಾಚು ಕಟ್ಟಿದವನ ಕಡೆ ತಿರುಗಿ ಯಾರು ಬೇಕಾದರೂ ‘ಟೈಮ್ ಎಷ್ಟಾಯ್ತು?’ ಎಂದು ಕೇಳಬಹುದಿತ್ತು. ಜಾತಿ, ಧರ್ಮ ವಿಚಾರಿಸದೆ ಅಪರಿಚಿತನೊಂದಿಗೆ ಆಡಬಹುದಾದ ಕೆಲವೇ ಮಾತುಗಳಲ್ಲಿ ಅದೊಂದು. ಉತ್ತರ ಸಿಕ್ಕ ಮೇಲೆ ಎಷ್ಟೋ ಸಲ ‘ಎಲ್ಲಿಗೆ ಹೊರಟಿದ್ದೀರಿ?’ ಎಂಬ ಮಾತೂ ಬರುತ್ತಿತ್ತು.

1969ರ ಡಿಸೆಂಬರಿನಲ್ಲಿ ಜಪಾನಿನ ಸೈಕೋ ಕಂಪೆನಿ ಕ್ವಾರ್ಟ್ಜ್ ಕೈಗಡಿಯಾರ ಹೊರತಂದಿತು. ಕೀ ಕೊಡುವ ಅಭ್ಯಾಸಕ್ಕೆ ಅಂದೇ ಕೊನೆ ಬರೆದಾಗಿತ್ತು. ನಮ್ಮಲ್ಲಿ 1984ರಲ್ಲಿ ಸ್ಥಾಪನೆಯಾದ ಟೈಟಾನ್ ಹೊಸೂರಿನಿಂದ ಕ್ವಾರ್ಟ್ಜ್ ವಾಚುಗಳನ್ನು ಮಾರುಕಟ್ಟೆಗೆ ತಂದಾಗ ಎಚ್‌ಎಂಟಿ ಹಿಂದೆ ಬಿತ್ತು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಸಮಿತಿ ಎಚ್‌ಎಂಟಿ ವಾಚಸ್ ಕಂಪೆನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಆ ಹೊತ್ತಿಗೆ ಗಂಟೆ ನೋಡುವ ಕೆಲಸ ಮೊಬೈಲಿಗೆ ದಾಟಿತ್ತು. ಭಾರತದ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು. ಮಣಿಕಟ್ಟಿಗೆ ಏರಿದ್ದ ಗಡಿಯಾರ ಮತ್ತೆ ಜೇಬಿಗೆ ಇಳಿಯಿತು.

ಆದರೆ ಈ ಸಲ ಇಳಿದದ್ದು ಬೇರೆಯ ಗಡಿಯಾರ. ಹಳೆಯ ವಾಚು ನಮಗೆ ಹೊತ್ತನ್ನು ಹೇಳುತ್ತಿತ್ತು. ನಮ್ಮ ಬಗ್ಗೆ ಯಾರಿಗೂ ಏನೂ ಹೇಳುತ್ತಿರಲಿಲ್ಲ. ಮೊಬೈಲು ಎರಡೂ ಕೆಲಸ ಮಾಡುತ್ತದೆ. ನಾವು ಎಷ್ಟು ಹೊತ್ತಿಗೆ ಎದ್ದೆವು, ಎಲ್ಲಿ ನಿಂತೆವು, ಯಾವುದನ್ನು ಎಷ್ಟು ಹೊತ್ತು ನೋಡಿದೆವು ಎಂಬುದರ ಲೆಕ್ಕ ಬೇರೆಲ್ಲೋ ಸೇರುತ್ತಿರುತ್ತದೆ. ನಿದ್ದೆ ಹಾಳಾಯಿತು, ಮಾತು ಕಡಿಮೆಯಾಯಿತು ಎಂದು ಮೊಬೈಲನ್ನು ದೂರುವವರಿದ್ದಾರೆ. ಆ ದೂರು ನಿಜವೇ. ಅದಕ್ಕಿಂತ ದೊಡ್ಡ ಸಂಗತಿ, ನಮ್ಮ ಕೈಯಲ್ಲಿರುವ ಗಡಿಯಾರ ಯಾರಿಗಾಗಿ ಓಡುತ್ತಿದೆ ಎಂಬುದು.

ಇದು ಚೆನ್ನಾಗಿ ಗೊತ್ತಿರುವುದು ಬೈಕಿನ ಮೇಲೆ ಊಟ, ದಿನಸಿ ತಲುಪಿಸುವ ಹುಡುಗರಿಗೆ. ಹಿಂದೆ ವಾಚು ರಿಪೇರಿಯ ಸ್ಟೂಲಿನ ಮೇಲೆ ಕೂರುತ್ತಿದ್ದಂಥವರ ಮಕ್ಕಳು ಇಂದು ಈ ಕೆಲಸದಲ್ಲಿದ್ದಾರೆ. ಅವರ ಬೈಕಿನ ಹ್ಯಾಂಡಲಿಗೆ ಸಿಕ್ಕಿಸಿದ ಮೊಬೈಲಿನಲ್ಲಿ ನಿಮಿಷಗಳು ಇಳಿಯುತ್ತಿರುತ್ತವೆ. ರಮಜಾನಿನ ಸಂಜೆ ಅದೇ ಮೊಬೈಲು ಒಂದು ಸಲ ಅಜಾನ್ ಕೂಗುತ್ತದೆ, ಮರುಕ್ಷಣ ಹೊಸ ಆರ್ಡರಿಗೆ ಹೊಡೆದುಕೊಳ್ಳುತ್ತದೆ. ರಸ್ತೆ ಬದಿಯಲ್ಲಿ ಬೈಕು ನಿಲ್ಲಿಸಿ ಒಂದು ಖರ್ಜೂರ, ಎರಡು ಗುಟುಕು ನೀರಿನಲ್ಲಿ ರೋಜಾ ಬಿಟ್ಟು ಹೊರಡುವವರನ್ನು ನಾವೆಲ್ಲ ನೋಡಿದ್ದೇವೆ. ಮೊಬೈಲನ್ನು ಕೊಂಡವನು ಆ ಹುಡುಗ, ಕರೆನ್ಸಿ ಹಾಕಿಸುವವನೂ ಅವನೇ. ಅದರೊಳಗಿನ ಗಡಿಯಾರ ಮಾತ್ರ ಕಂಪೆನಿಯದು. ತಡವಾದರೆ ಯಾವ ಲೆಕ್ಕದಲ್ಲಿ ರೇಟಿಂಗ್ ಇಳಿಯಿತು, ಆರ್ಡರ್ ಏಕೆ ಕಡಿಮೆಯಾಯಿತು ಎಂದು ತಾಳೆ ನೋಡಲು ಅವನ ಬಳಿ ಇನ್ನೊಂದು ವಾಚಿಲ್ಲ.

2025ರಲ್ಲಿ ಕರ್ನಾಟಕ ಇಂಥ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ಕಾಯ್ದೆ ಮಾಡಿತು. ಕಲ್ಯಾಣ ನಿಧಿಯ ಜೊತೆಗೆ, ಅವರ ಕೆಲಸವನ್ನು ಅಳೆಯುವ ಸ್ವಯಂಚಾಲಿತ ವ್ಯವಸ್ಥೆಗಳ ಬಗ್ಗೆ ಕಾರ್ಮಿಕರಿಗೆ ತಿಳಿಸಬೇಕೆಂಬ ಮಾತೂ ಅದರಲ್ಲಿದೆ. ನಿಧಿಯ ಬಗ್ಗೆ ಪತ್ರಿಕೆಗಳು ಬರೆಯುತ್ತವೆ. ಈ ಎರಡನೆಯ ಮಾತು ಮರೆಯಾಗಬಾರದು. ಇಂಗ್ಲೆಂಡಿನ ಆ ಗಿರಣಿ ಕೆಲಸಗಾರನ ಕೈಯಿಂದ ಕಿತ್ತುಕೊಂಡದ್ದೂ ಇದನ್ನೇ. ಲೆಕ್ಕವನ್ನು ತಾನೇ ನೋಡಿ ಪಕ್ಕದವನಿಗೆ ಹೇಳುವ ಹಕ್ಕು ಅದು.

ಮೊಬೈಲನ್ನು ಬಿಸಾಡಿ ಎಂದು ನಾವು ಹೇಳಲಾರೆವು. ಬೆಲ್ ಹೊಡೆದು ಐದು ನಿಮಿಷ ತಡವಾಗಿ ಬಂದವನ ಮೇಲೆ ರೇಗುವ ಮೊದಲು ಅವನ ಗಡಿಯಾರದ ಕೀ ಯಾರ ಕೈಯಲ್ಲಿದೆ ಎಂದು ಒಮ್ಮೆ ಯೋಚಿಸಬಹುದು. ಆಮೇಲೆ ಬಾಗಿಲಲ್ಲಿ ನಿಂತವನಿಗೆ ನೀರು ಬೇಕೇ ಎಂದು ಕೇಳಬಹುದು. ಅದಕ್ಕೆ ಒಂದು ಗಳಿಗೆಯೂ ಹಿಡಿಯುವುದಿಲ್ಲ.