ನೋವಿನ ದಾರಿಗೆ ತಡೆ

ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ಇಳಿದು ಲೇಡಿ ಕರ್ಜನ್ ರಸ್ತೆಯ ಕಡೆಗೆ ನಡೆದರೆ ಬೌರಿಂಗ್ ಆಸ್ಪತ್ರೆ ಸಿಕ್ಕುತ್ತದೆ. ದಂಡಿನ ಪ್ರದೇಶದ, ಹಲಸೂರಿನ ಹಳೆಯ ಮನೆತನಗಳಲ್ಲಿ ಈ ಹೆಸರನ್ನು ಕೇಳದವರು ಇರಲಾರರು. ೧೮೬೦ರ ದಶಕದಲ್ಲಿ, ಲೆವಿನ್ ಬೌರಿಂಗ್ ಅವರು ಮೈಸೂರಿನ ಕಮಿಷನರಾಗಿದ್ದ ಕಾಲದಲ್ಲಿ, ಪ್ಯಾರಿಸಿನ ಲಾರಿಬ್ವಾಸಿಯೇರ್ ಆಸ್ಪತ್ರೆಯ ಮಾದರಿಯನ್ನು ಅನುಸರಿಸಿ ಇದನ್ನು ಕಟ್ಟಿದರು. ರೋಗಿಗೆ ಗಾಳಿ ಬೆಳಕು ಧಾರಾಳವಾಗಿ ಸಿಕ್ಕಬೇಕು ಎಂಬುದು ಆ ಮಾದರಿಯ ತತ್ತ್ವ. ಆಗಿನ ಕಾಲಕ್ಕೆ ಅದು ದೊಡ್ಡ ಸುಧಾರಣೆಯೇ ಸರಿ. ಆದರೆ ಶಸ್ತ್ರಕ್ರಿಯೆಯಾದ ರೋಗಿ ಎಚ್ಚೆತ್ತ ಮೇಲೆ ಪಡುವ ನೋವಿಗೆ ಗಾಳಿ ಬೆಳಕು ಏನು ಮಾಡೀತು? ಅದಕ್ಕೆ ಬೇರೆ ಉಪಾಯ ಬೇಕಾಗಿತ್ತು. ಸ್ತನದ ಶಸ್ತ್ರಕ್ರಿಯೆಗೆ ಒಳಗಾದ ಹೆಂಗಸರ ಮಟ್ಟಿಗೆ ಆ ಉಪಾಯ ನಡೆದು ಬಂದ ದಾರಿಯನ್ನು ಇಲ್ಲಿ ಸ್ವಲ್ಪ ನೋಡೋಣ.

ನಮ್ಮ ಮನೆಗಳಲ್ಲಿ ಈ ವಿಷಯವನ್ನು ಗಟ್ಟಿಯಾಗಿ ಆಡುವ ರೂಢಿಯಿಲ್ಲ. ಅಡಿಗೆಮನೆಯಲ್ಲಿ ಅಕ್ಕತಂಗಿಯರ ನಡುವೆ ಪಿಸುಮಾತಿನಲ್ಲಿ ಹುಟ್ಟಿ ಅಲ್ಲಿಯೇ ಅಡಗಿಬಿಡುತ್ತದೆ. ನೋವೆಂದರೆ, “ಹೆರಿಗೆಯ ನೋವನ್ನೇ ತಾಳಿದವಳಿಗೆ ಇದೇನು ಮಹಾ?” ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಈ ಸಮಾಧಾನ ಎಷ್ಟು ಸರಿ ಎಂಬುದನ್ನು ಚರಿತ್ರೆಯನ್ನೇ ಕೇಳಬಹುದು.

ಕ್ಯಾನ್ಸರ್ ತಗುಲಿದ ಸ್ತನವನ್ನು ತೆಗೆದ ಮೇಲೆ, ರೋಗಿಯ ಮೈಯ ಮಾಂಸದಿಂದಲೇ ಆಗಲಿ, ಸಿಲಿಕೋನಿನ ಚೀಲದಿಂದಲೇ ಆಗಲಿ, ಅದನ್ನು ಮತ್ತೆ ರೂಪಿಸುವುದುಂಟು. ಇದಕ್ಕೆ ಸ್ತನದ ಪುನಾರಚನೆ ಎನ್ನುತ್ತಾರೆ. ಇದು ತೀರ ಹೊಸಗಾಲದ ಶೋಕಿ ಎಂದು ತಿಳಿಯಬೇಡಿ. ಕಳೆದುಹೋದ ಅಂಗವನ್ನು ಮೈಯ ಚರ್ಮದಿಂದಲೇ ಕಟ್ಟುವ ವಿದ್ಯೆಯನ್ನು ಯೂರೋಪು ಮತ್ತೆ ಕಲಿತದ್ದು ನಮ್ಮ ದೇಶದಿಂದ. ಅದಕ್ಕೆ ನಿಮಿತ್ತವಾದದ್ದು ನಮ್ಮ ಮೈಸೂರಿನದೇ ಒಂದು ಯುದ್ಧ. ೧೭೯೨ರಲ್ಲಿ ಮುಗಿದ ಆ ಯುದ್ಧದಲ್ಲಿ, ಇಂಗ್ಲಿಷರ ದಂಡಿನ ಎತ್ತುಗಳನ್ನು ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಸುಮಾರು ಒಂದು ವರ್ಷದ ನಂತರ ಪುಣೆಯ ಬಳಿ, ಇಟ್ಟಿಗೆ ಮಾಡುವ ಕುಲದವನೊಬ್ಬ ಅವನ ಹಣೆಯ ಚರ್ಮವನ್ನು ಬುಡ ಕಡಿಯದೆ ಬಿಡಿಸಿ, ಕೆಳಗೆ ತಿರುಗಿಸಿ, ಹೊಸ ಮೂಗು ಕಟ್ಟಿಕೊಟ್ಟ. ೧೭೯೪ರಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜಿನ್’ ಈ ಸಂಗತಿಯನ್ನು ಚಿತ್ರಸಹಿತ ಅಚ್ಚುಮಾಡಿತು. ಬುಡ ಕಡಿಯದಿದ್ದರೆ ರಕ್ತ ಹರಿಯುತ್ತದೆ, ಚರ್ಮ ಬದುಕುತ್ತದೆ ಎಂಬುದು ಅದರ ಗುಟ್ಟು. ಇಟಲಿಯ ಟಾನ್ಸೀನಿ ಎಂಬ ವೈದ್ಯರು ೧೯೦೬ರಲ್ಲಿ, ಸ್ತನ ತೆಗೆದ ಎದೆಯ ಗಾಯವನ್ನು ಬೆನ್ನಿನ ಸ್ನಾಯು ಮತ್ತು ಚರ್ಮದಿಂದ ಮುಚ್ಚಿದಾಗಲೂ ನೆಚ್ಚಿದ್ದು ಇದೇ ತತ್ತ್ವವನ್ನು.

ಕಾವಸ್‌ಜಿಯ ಹಣೆಗೆ ಕತ್ತಿ ತಾಕಿದಾಗ ಶಸ್ತ್ರಕ್ರಿಯೆಗೆ ಈಥರಾಗಲಿ ಕ್ಲೋರೋಫಾರ್ಮಾಗಲಿ ಇನ್ನೂ ಬಳಕೆಗೆ ಬಂದಿರಲಿಲ್ಲ. ಶ್ರೀರಂಗಪಟ್ಟಣದ ದಂಡು ಬೆಂಗಳೂರಿಗೆ ಬಂದು ಹಲಸೂರಿನ ಬಳಿ ನೆಲೆಯೂರಿದ್ದು ೧೮೦೯ರಲ್ಲಿ. ಅದಾದ ಎರಡು ವರ್ಷಕ್ಕೆ, ೧೮೧೧ರಲ್ಲಿ, ಫ್ಯಾನಿ ಬರ್ನಿ ಎಂಬ ಇಂಗ್ಲಿಷ್ ಕಾದಂಬರಿಗಾರ್ತಿಗೆ ಪ್ಯಾರಿಸಿನ ಅವರ ಮನೆಯಲ್ಲೇ ಸ್ತನವನ್ನು ಕೊಯ್ದು ತೆಗೆದರು. ಎಚ್ಚರವಿದ್ದಂತೆಯೇ ಅದನ್ನೆಲ್ಲ ಅನುಭವಿಸಿದ ಆಕೆ ಅಕ್ಕನಿಗೆ ಬರೆದ ಕಾಗದ ಇಂದಿಗೂ ಉಳಿದಿದೆ. ಓದಿದವರಿಗೆ ಮೈ ಜುಮ್ಮೆನ್ನುತ್ತದೆ. ಇದಕ್ಕೂ ಮುಂಚೆಯೇ, ೧೮೦೪ರಲ್ಲಿ, ಜಪಾನಿನ ಹನಾಓಕಾ ಸೇಶೂ ಎಂಬ ವೈದ್ಯರು ಗಿಡಮೂಲಿಕೆಯ ಕಷಾಯ ಕುಡಿಸಿ, ರೋಗಿಗೆ ಎಚ್ಚರ ತಪ್ಪಿಸಿ, ಸ್ತನದ ಗೆಡ್ಡೆಯನ್ನು ತೆಗೆದಿದ್ದರು. ಆ ಸುದ್ದಿ ಪ್ಯಾರಿಸಿಗೆ ಮುಟ್ಟಿರಲಿಲ್ಲ.

೧೮೪೬ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಈಥರ್ ಬಂದಿತು. ಮರುವರ್ಷವೇ ಎಡಿನ್‌ಬರೋದಲ್ಲಿ ಕ್ಲೋರೋಫಾರ್ಮ್. ಕ್ಲೋರೋಫಾರ್ಮು ಹೃದಯಕ್ಕೆ ಅಪಾಯವೇ, ಉಸಿರಾಟಕ್ಕೆ ಅಪಾಯವೇ ಎಂಬ ವಾದವನ್ನು ತೀರ್ಮಾನಿಸಲು ೧೮೮೮–೮೯ರಲ್ಲಿ ಎರಡು ಆಯೋಗಗಳು ಕೂಡಿದ್ದು ಹೈದರಾಬಾದಿನಲ್ಲಿ, ನಿಜಾಮರ ಖರ್ಚಿನಲ್ಲಿ. ನಮ್ಮ ಬೀದರ, ಕಲಬುರ್ಗಿ, ರಾಯಚೂರುಗಳೂ ಆಗ ಅದೇ ರಾಜ್ಯಕ್ಕೆ ಸೇರಿದ್ದವು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ವೈದ್ಯರಲ್ಲಿ ಒಬ್ಬರೆಂದು ಹೆಸರಾದ ರೂಪಾಬಾಯಿ ಫರ್ದೂನ್‌ಜಿ ಅಲ್ಲಿಯ ವೈದ್ಯಶಾಲೆಯಲ್ಲೇ ಕಲಿತವರು.

ಅರಿವಳಿಕೆಯಿಂದ ಕೊಯ್ಯುವಾಗಿನ ನೋವು ತಪ್ಪಿತು. ಎಚ್ಚೆತ್ತ ಮೇಲಿನ ನೋವು ಹಾಗೆಯೇ ಉಳಿಯಿತು. ಅದಕ್ಕೆ ಎರಡನೆಯ ದಾರಿಯೊಂದು ತೆರೆಯಿತು. ೧೮೮೪ರಲ್ಲಿ ವಿಯೆನ್ನಾದ ಕಾರ್ಲ್ ಕೋಲರ್ ಅವರು ಕಣ್ಣಿಗೆ ಕೊಕೇನಿನ ಹನಿ ಹಾಕಿದರೆ ಅಷ್ಟು ಭಾಗ ಮಾತ್ರ ಮರಗಟ್ಟುತ್ತದೆ ಎಂದು ತೋರಿಸಿದರು. ಸುದ್ದಿ ಮುಟ್ಟಿದ ಕೆಲವೇ ವಾರಗಳಲ್ಲಿ ನ್ಯೂಯಾರ್ಕಿನ ವಿಲಿಯಂ ಹಾಲ್‌ಸ್ಟೆಡ್ ಮತ್ತು ಅವರ ಗೆಳೆಯರು ಆ ಮದ್ದನ್ನು ಸೂಜಿಯಿಂದ ನರದ ಬುಡಕ್ಕೇ ಚುಚ್ಚಿದರು. ನರವು ಟೆಲಿಫೋನಿನ ತಂತಿಯಂತೆ. ಗಾಯವಾದ ಜಾಗದಿಂದ ಸುದ್ದಿ ಅದರ ಮೂಲಕವೇ ಮೆದುಳಿಗೆ ಹೋಗಬೇಕು. ನಡುದಾರಿಯಲ್ಲಿ ತಡೆದರೆ ಗಾಯ ಇದ್ದರೂ ನೋವಿನ ಸುದ್ದಿ ಮೇಲಕ್ಕೆ ಮುಟ್ಟುವುದಿಲ್ಲ. ಇದೇ ನರ್ವ್ ಬ್ಲಾಕ್, ಎಂದರೆ ನರತಡೆ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಿ. ಇದೇ ಹಾಲ್‌ಸ್ಟೆಡ್ ೧೮೯೪ರಲ್ಲಿ, ಸ್ತನದ ಜೊತೆಗೆ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆಯುವ ಮಹಾಶಸ್ತ್ರಕ್ರಿಯೆಯ ವರದಿಯನ್ನು ಪ್ರಕಟಿಸಿದರು. ಹಲವು ದಶಕಗಳ ಕಾಲ ಲೋಕವೆಲ್ಲ ಅದನ್ನೇ ಅನುಸರಿಸಿತು. ಹೆಂಗಸರಿಗೆ ಅತಿ ದೊಡ್ಡ ಗಾಯದ ವಿಧಾನವನ್ನು ಕೊಟ್ಟವರೂ, ನರತಡೆಯ ದಾರಿಯನ್ನು ತೋರಿಸಿದವರೂ ಒಬ್ಬರೇ! ಆದರೆ ಆ ಎರಡು ವಿದ್ಯೆಗಳು ಒಂದೇ ಹಾಸಿಗೆಯ ಬಳಿ ಸರಿಯಾಗಿ ಕೂಡಲು ನೂರು ವರ್ಷವೇ ಹಿಡಿಯಿತು. ಮದ್ದನ್ನು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡ ಹಾಲ್‌ಸ್ಟೆಡ್ ಕೊಕೇನಿನ ಚಟಕ್ಕೆ ಸಿಕ್ಕಿ ನರಳಿದರು ಎಂಬುದನ್ನೂ ಮರೆಯಬಾರದು.

ಚಟ ಹಿಡಿಸದ ಮದ್ದುಗಳು ಆಮೇಲೆ ಬಂದವು: ೧೯೦೫ರಲ್ಲಿ ನೊವೊಕೇನ್, ೧೯೪೦ರ ದಶಕದಲ್ಲಿ ಲಿಡೊಕೇನ್, ಇನ್ನೂ ಹೆಚ್ಚು ಹೊತ್ತು ನಿಲ್ಲುವ ಬುಪಿವಕೇನ್ ೧೯೫೭ರಲ್ಲಿ. ಬೆನ್ನೆಲುಬಿನ ಪಕ್ಕದಲ್ಲಿ, ಪಕ್ಕೆಲುಬಿನ ನರಗಳು ಹೊರಡುವ ಕಡೆಯೇ ತಡೆಯುವ ಕ್ರಮವನ್ನು ಜರ್ಮನಿಯ ಸೆಲ್‌ಹೈಮ್ ೧೯೦೫ರಲ್ಲಿ ತೋರಿಸಿದ್ದರು. ಮೂಲೆಗೆ ಬಿದ್ದಿದ್ದ ಅದನ್ನು ೧೯೭೯ರಲ್ಲಿ ಈಸನ್ ಮತ್ತು ವ್ಯಾಟ್ ಎಂಬವರು ಮತ್ತೆ ಎತ್ತಿ ಹಿಡಿದರು. ಆಗೆಲ್ಲ ಸೂಜಿ ಹೋಗುವ ದಾರಿ ಕಣ್ಣಿಗೆ ಕಾಣುತ್ತಿರಲಿಲ್ಲ. ಬೆರಳಿನ ಅಂದಾಜೇ ಆಧಾರ. ಅಲ್ಟ್ರಾಸೌಂಡ್ ಯಂತ್ರ ಬಂದ ಮೇಲೆ ಸ್ನಾಯುವಿನ ಪದರವೂ ಸೂಜಿಯ ತುದಿಯೂ ಪರದೆಯ ಮೇಲೆ ಕಾಣತೊಡಗಿದವು. ೨೦೧೧ರಲ್ಲಿ ರಫಾಯೆಲ್ ಬ್ಲಾಂಕೊ ಅವರು ಎದೆಯ ದೊಡ್ಡ ಸ್ನಾಯುವಿಗೂ ಚಿಕ್ಕ ಸ್ನಾಯುವಿಗೂ ನಡುವೆ ಮದ್ದು ಹರಡುವ ಸುಲಭ ವಿಧಾನವನ್ನು ಪ್ರಕಟಿಸಿದರು. ಸಿಲಿಕೋನಿನ ಚೀಲವನ್ನು ಸ್ನಾಯುವಿನ ಕೆಳಗೆ ಇಟ್ಟಾಗ ಸ್ನಾಯು ಬಿಗಿದು ಬರುವ ನೋವಿಗೆ ಇದು ಹೇಳಿ ಮಾಡಿಸಿದಂತಿದೆ. ಹೊಟ್ಟೆಯ ಮಾಂಸದಿಂದ ಸ್ತನವನ್ನು ರೂಪಿಸುವ ವಿಧಾನ ೧೯೮೨ರಿಂದ ಪ್ರಚಾರಕ್ಕೆ ಬಂತು. ಅಲ್ಲಿ ಗಾಯ ಎರಡು, ಆದ್ದರಿಂದ ಹೊಟ್ಟೆಯ ನರಗಳಿಗೂ ತಡೆ ಕೊಡುತ್ತಾರೆ.

ನಮ್ಮ ದೇಶದಲ್ಲಿ ಇದಕ್ಕೆ ವಿಶೇಷ ಬೆಲೆಯಿದೆ. ೧೯೮೫ರ ಮಾದಕ ವಸ್ತುಗಳ ಕಾಯಿದೆ ಬಂದ ಮೇಲೆ, ಲೈಸೆನ್ಸುಗಳ ತೊಡಕಿನಿಂದ ಆಸ್ಪತ್ರೆಗಳಿಗೂ ಮಾರ್ಫಿನ್ ದುರ್ಲಭವಾಯಿತು. ೨೦೧೪ರ ತಿದ್ದುಪಡಿಯಿಂದ ದಾರಿ ಸ್ವಲ್ಪ ಸುಗಮವಾಯಿತು. ನರತಡೆ ಕೊಟ್ಟವರಿಗೆ ಮೊದಲ ದಿನದ ನೋವೂ ಕಡಿಮೆ, ಅಂಥ ಮದ್ದುಗಳ ಅಗತ್ಯವೂ ಕಡಿಮೆ. ಆ ಮದ್ದುಗಳಿಂದ ಬರುವ ವಾಂತಿ, ಮಂಪರುಗಳೂ ಅಷ್ಟಕ್ಕಷ್ಟೆ.

ಹಾಗೆಂದು ಇದು ಮಂತ್ರವಲ್ಲ. ಒಮ್ಮೆ ಚುಚ್ಚಿದ ಮದ್ದು ಕೆಲವು ಗಂಟೆಗಳಿಂದ ಹೆಚ್ಚೆಂದರೆ ಸುಮಾರು ಒಂದು ದಿನ ನಿಲ್ಲುತ್ತದೆ. ಅದು ಇಳಿಯುವ ಮೊದಲೇ ಮಾತ್ರೆ ನುಂಗದಿದ್ದರೆ ನಡುರಾತ್ರಿಯಲ್ಲಿ ನೋವು ಒಮ್ಮೆಲೇ ಮೇಲೆ ಬೀಳುತ್ತದೆ. ಮದ್ದು ರಕ್ತಕ್ಕೆ ಹೆಚ್ಚಾಗಿ ಸೇರಿದರೆ ತುಟಿ ಜೋಮು ಹಿಡಿಯುವುದು, ಕಿವಿ ಗುಂಯ್ ಎನ್ನುವುದು ಉಂಟು, ಕೂಡಲೇ ಹೇಳಬೇಕು. ಬೆನ್ನಿನ ಪಕ್ಕದ ತಡೆಯಲ್ಲಿ ಅಪರೂಪಕ್ಕೆ ಶ್ವಾಸಕೋಶಕ್ಕೆ ಸೂಜಿ ತಾಕುವ ಭಯವೂ ಇದೆ. ಗಾಯ ಮಾಯ್ದ ಮೇಲೂ ತಿಂಗಳುಗಟ್ಟಲೆ ಎದೆ, ಕಂಕುಳು, ತೋಳುಗಳಲ್ಲಿ ಉರಿ ಉಳಿಯುವವರು ಹಲವರಿದ್ದಾರೆ. ಅದೂ ಚಿಕಿತ್ಸೆ ಬೇಡುವ ನೋವೇ.

ಇಂದು ಇಂದಿರಾನಗರದಿಂದ ಕೃಷ್ಣರಾಜಪುರದವರೆಗೆ ಆಸ್ಪತ್ರೆಗಳಿಗೆ ಕೊರತೆಯಿಲ್ಲ. ನಿಮ್ಮ ಮನೆಯ ಹೆಣ್ಣುಮಗಳೊಬ್ಬಳು ಈ ಶಸ್ತ್ರಕ್ರಿಯೆಗೆ ಹೋಗುವ ದಿನ ಬಂದರೆ, ಅದಕ್ಕೆ ಮುಂಚೆಯೇ ಅರಿವಳಿಕೆ ವೈದ್ಯರನ್ನು ಕಂಡು ಮೂರು ಮಾತು ಕೇಳಿ: ನರತಡೆ ಕೊಡುವಿರಾ? ಅದು ಎಷ್ಟು ಹೊತ್ತು ನಿಲ್ಲುತ್ತದೆ? ಇಳಿದ ಮೇಲೆ ಏನು ಕೊಡುವಿರಿ? ರಕ್ತ ತೆಳುಮಾಡುವ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಹೇಳಿ. ಆಕೆ ರಾತ್ರಿ ನೋವೆಂದರೆ “ತಾಳಿಕೋ” ಎನ್ನುವ ಬದಲು ನರ್ಸಮ್ಮನನ್ನು ಕರೆಯಿರಿ. ಫ್ಯಾನಿ ಬರ್ನಿ ತಾಳಿಕೊಂಡದ್ದು ಆಗ ಬೇರೆ ದಾರಿಯಿರಲಿಲ್ಲವೆಂದು. ಈಗ ದಾರಿಯಿದೆ.